ಒಂದು ಸಂತೆಯಿಂದ ಇನ್ನೊಂದು ಸಂತೆಯವರೆಗೆ ನಿಲ್ಲಿ

ಪ್ರಶ್ನೆ: ನಮ್ಮದು ದಾವಣಗೆರೆ. ನಾನು ಟೀಚರ್ ಆಗಿದ್ದೆ, ಈಗ ಸ್ವಯಂ ನಿವೃತ್ತಿ ತೆಗೆದುಕೊಂಡಿದ್ದೇನೆ. ನಮ್ಮ ಯಜಮಾನರು ಬರುವ ಮಾರ್ಚ್‌ನಲ್ಲಿ ನಿವೃತ್ತರಾಗುತ್ತಾರೆ. ಆಮೇಲೆ ಒಂದು ವ್ಯಾನ್‌ನಲ್ಲೇ ಮಲಗಿ, ಅದರಲ್ಲೇ ಅಡುಗೆ ಮಾಡಿಕೊಂಡು, ವರ್ಷಪೂರ್ತಿ ಊರೂರು ಸುತ್ತುತ್ತಾ ಇರೋಣ ಎಂಬುದು ಅವರ ಆಸೆ. ಮನೆ ಮಾರಿ ದೊಡ್ಡ ಕ್ಯಾರವಾನ್ ಮಾಡಿಸೋಣ ಅನ್ನುತ್ತಿದ್ದಾರೆ. ನನಗೂ ಆಸೆ ಇದೆ. ಆದರೆ ಶೌಚಾಲಯ, ರಾತ್ರಿಯ ಭಯ, ನನ್ನ ಬಿಪಿ, ಎಲ್ಲ ನೆನೆಸಿಕೊಂಡರೆ ಹಿಂಜರಿಕೆ. ಎರಡು ತಿಂಗಳಿಗೇ ಬೇಸರ ಬಂದರೆ ಏನು ಗತಿ? ಅತ್ತೆಗೆ 82 ವರ್ಷ, ಮೈದುನನ ಮನೆಯಲ್ಲಿದ್ದಾರೆ. ಇಂಥ ಬದುಕನ್ನು ನಿಜಕ್ಕೂ ಖುಷಿಯಾಗಿ ಬದುಕಬಹುದಾ?

ಉತ್ತರ: ಬದುಕಬಹುದು. ಖುಷಿಯಾಗಿಯೇ ಬದುಕಬಹುದು. ಆದರೆ ಮನೆ ಮಾರಬೇಡಿ. ಯಜಮಾನರಿಗೆ ಇದೊಂದನ್ನು ಮೊದಲು ಓದಿ ಹೇಳಿ, ಉಳಿದದ್ದು ಆಮೇಲೆ.

ನಾನೂ ನಮ್ಮ ಮನೆಯವರೂ ವರ್ಷದ ಹೆಚ್ಚು ಭಾಗ ವ್ಯಾನ್‌ನಲ್ಲೇ ಇರುತ್ತೇವೆ. ಹೀಗೆ ಹೊರಡುವವರಿಗೆ ಗಾಡಿ ಹೊಂದಿಸಿಕೊಳ್ಳಲು, ದಾರಿ ಹಾಕಿಕೊಳ್ಳಲು ನೆರವಾಗುವುದು ನನ್ನ ಕೆಲಸ. ಹಾಗಾಗಿ ಅರ್ಧದಲ್ಲೇ ವಾಪಸ್ ಬಂದವರನ್ನೂ ನೋಡಿದ್ದೇನೆ, ವರ್ಷಗಟ್ಟಲೆ ನೆಮ್ಮದಿಯಾಗಿ ಇರುವವರನ್ನೂ ನೋಡಿದ್ದೇನೆ. ಇವರಿಬ್ಬರ ನಡುವಿನ ವ್ಯತ್ಯಾಸ ಗಾಡಿಯಲ್ಲೂ ಇಲ್ಲ, ದುಡ್ಡಿನಲ್ಲೂ ಇಲ್ಲ. ಬೇಗ ಸುಸ್ತಾಗಿ ಬಂದವರು ದಿನಾ ಓಡಿಸಿದವರು. ಉಳಿದುಕೊಂಡವರು ನಿಲ್ಲುವುದನ್ನು ಕಲಿತವರು.

ನಮ್ಮ ನಾಡಿನಲ್ಲಿ ದಾರಿಯ ಮೇಲೆಯೇ ಬದುಕುವವರನ್ನು ಸ್ವಲ್ಪ ಗಮನಿಸಿ ನೋಡಿ. ಬೆಳಗಾವಿ, ಬಾಗಲಕೋಟೆ ಕಡೆಯ ಸಂಚಾರಿ ಕುರಿಗಾಹಿಗಳು ವರ್ಷದಲ್ಲಿ ಎಷ್ಟೋ ತಿಂಗಳು ಮನೆಯಿಂದ ಹೊರಗೇ ಇರುತ್ತಾರೆ. ಆದರೆ ಅವರು ಕಂಡಕಂಡಲ್ಲಿ ಅಲೆಯುವುದಿಲ್ಲ. ಯಾವ ತಿಂಗಳು ಯಾವ ಸೀಮೆ, ಯಾವ ರೈತನ ಹೊಲದಲ್ಲಿ ಎಷ್ಟು ರಾತ್ರಿ ಕುರಿ ನಿಲ್ಲಿಸಬೇಕು ಎಂಬುದು ಅವರಿಗೆ ಮೊದಲೇ ಗೊತ್ತು. ಕುರಿ ನಿಂತ ಹೊಲಕ್ಕೆ ಗೊಬ್ಬರ, ನಿಲ್ಲಿಸಿದವರಿಗೆ ಜೋಳವೋ ದುಡ್ಡೋ. ಅಪ್ಪನ ಕಾಲದಲ್ಲಿ ನಿಲ್ಲಿಸಿದ ಹೊಲದಲ್ಲೇ ಮಗನೂ ನಿಲ್ಲಿಸುತ್ತಾನೆ. ಕರಾವಳಿಯ ಯಕ್ಷಗಾನ ಮೇಳಗಳನ್ನು ನೋಡಿ. ನವೆಂಬರ್ ಹೊತ್ತಿಗೆ ತಿರುಗಾಟಕ್ಕೆ ಹೊರಟರೆ ಮೇ ಕೊನೆಯಲ್ಲಿ ಪತ್ತನಾಜೆ ಎಂಬ ದಿನ ಗೆಜ್ಜೆ ಬಿಚ್ಚುತ್ತಾರೆ. ಮಳೆಗಾಲ ಪೂರ್ತಿ ಮನೆ. ಉತ್ತರ ಕರ್ನಾಟಕದ ನಾಟಕ ಕಂಪನಿಗಳೂ ಅಷ್ಟೇ. ಬನದ ಹುಣ್ಣಿಮೆಗೆ ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಗೆ ಬಂದು ಟೆಂಟ್ ಹಾಕಿದರೆ ವಾರಗಟ್ಟಲೆ ಅಲ್ಲೇ ಠಿಕಾಣಿ.

ಇವರಿಗೆಲ್ಲ ಅದು ಹೊಟ್ಟೆಪಾಡು. ಮಕ್ಕಳ ಓದಿನಿಂದ ಹಿಡಿದು ಆಸ್ಪತ್ರೆಯವರೆಗೆ ಅವರ ಕಷ್ಟ ನಮಗಿಲ್ಲ. ಪಿಂಚಣಿ ಇಟ್ಟುಕೊಂಡು ಹೊರಡುವ ನಾವು ಅವರ ಸಾಲಿನಲ್ಲಿ ನಿಲ್ಲುವವರಲ್ಲ. ಆದರೆ ಕಲಿಯಬೇಕಾದ್ದು ಅವರಿಂದಲೇ. ಹೋಗುವುದಕ್ಕೆ ಒಂದು ಸುತ್ತು ಇರಬೇಕು, ಆ ಸುತ್ತಿನಲ್ಲಿ ಗುರುತಿನ ಜಾಗ ಇರಬೇಕು, ವರ್ಷದಲ್ಲಿ ಒಂದಿಷ್ಟು ದಿನ ಗಾಡಿ ಕದಲಬಾರದು.

ನಾನು ಎಲ್ಲರಿಗೂ ಹೇಳುವ ಲೆಕ್ಕ ಒಂದೇ. ಒಂದು ಊರಿಗೆ ಹೋದರೆ ಒಂದು ಸಂತೆಯಿಂದ ಇನ್ನೊಂದು ಸಂತೆಯವರೆಗೆ ಇರಿ. ಮೊದಲ ಸಂತೆಯಲ್ಲಿ ನೀವು ಯಾರೋ ಪ್ಯಾಟೆಯವರು. ಬದನೆಕಾಯಿ ರೇಟು ಸ್ವಲ್ಪ ಜಾಸ್ತಿಯೇ ಹೇಳುತ್ತಾರೆ. ನಡುವಿನ ದಿನಗಳಲ್ಲಿ ಅದೇ ಹೋಟೆಲಿನಲ್ಲಿ ಚಹಾ ಕುಡಿದಿರುತ್ತೀರಿ, ಅದೇ ಅಂಗಡಿಯಲ್ಲಿ ಹಾಲು ತಂದಿರುತ್ತೀರಿ, ಅದೇ ನಲ್ಲಿಯಲ್ಲಿ ನೀರು ಹಿಡಿದಿರುತ್ತೀರಿ. ಎರಡನೇ ಸಂತೆಗೆ ಹೋದಾಗ ಸೊಪ್ಪಿನ ಅಜ್ಜಿ ‘ಏನವ್ವಾ, ಇನ್ನೂ ಇಲ್ಲೇ ಅದೀಯಲ್ಲ’ ಅಂತ ಕೇಳುತ್ತಾಳೆ. ಒಂದು ಹಿಡಿ ಕರಿಬೇವು, ಎರಡು ಹಸಿಮೆಣಸಿನಕಾಯಿ ಕೊಸರು ಹಾಕುತ್ತಾಳೆ. ಎಲ್ಲಿಯವರು, ಮಕ್ಕಳೆಷ್ಟು, ಯಾಕೆ ಹೀಗೆ ಗಾಡ್ಯಾಗ ಇರ್ತೀರಿ ಅಂತ ವಿಚಾರಿಸುತ್ತಾಳೆ. ಆ ಹೊತ್ತಿಗೆ ಊರು ಬಾಗಿಲು ತೆಗೆದಂತೆ. ನೀವು ಕೇಳಿದ ಬೇಸರಕ್ಕೆ ಇದಕ್ಕಿಂತ ಒಳ್ಳೆಯ ಮದ್ದು ನನಗೆ ಗೊತ್ತಿಲ್ಲ. ಬೇಸರ ಬರುವುದು ಒಂದೇ ಕಡೆ ಇದ್ದುದಕ್ಕಲ್ಲ. ಯಾರಿಗೂ ನಮ್ಮ ಗುರುತಿಲ್ಲ ಅನ್ನಿಸಿದಾಗ ಬರುತ್ತದೆ.

ಬಾದಾಮಿಯನ್ನೇ ತೆಗೆದುಕೊಳ್ಳಿ. ಬಸ್ಸಿನಲ್ಲಿ ಬಂದವರು ನಾಲ್ಕು ಗುಹೆ ನೋಡಿ, ಅಗಸ್ತ್ಯ ತೀರ್ಥದ ಕೆರೆಯ ಮುಂದೆ ಫೋಟೋ ತೆಗೆಸಿಕೊಂಡು, ಮಧ್ಯಾಹ್ನದ ಹೊತ್ತಿಗೆ ಪಟ್ಟದಕಲ್ಲಿಗೆ ಓಡುತ್ತಾರೆ. ವಾರ ಇದ್ದವರಿಗೆ ಮೂರನೇ ಗುಹೆಯ ಮುಂದೆ ಸುಮ್ನೆ ಕೂರುವುದಕ್ಕೆ ಪುರುಸೊತ್ತು ಸಿಗುತ್ತದೆ. ಅದು ಕ್ರಿ.ಶ. 578ರದ್ದು ಎಂದು ಅಲ್ಲಿನ ಶಾಸನವೇ ಹೇಳುತ್ತದೆ. ಚಾಲುಕ್ಯರ ಮಂಗಲೇಶ ಮಾಡಿಸಿದ್ದು. ಬೆಳಗ್ಗೆ ಕೆರೆ ಮೆಟ್ಟಿಲ ಮೇಲೆ ಹೆಂಗಸರು ಬಟ್ಟೆ ಒಗೆಯುವ ಸದ್ದು ಆ ಬಂಡೆಗೆ ಬಡಿದು ಮತ್ತೆ ಕೇಳುತ್ತದೆ. ಇನ್ನೊಂದು ದಿನ ಕೆರೆಯ ಆಚೆ ದಿಕ್ಕಿಗೆ ನಡೆದು ಹೋಗಿ ಬಂಡೆಯ ಮೇಲೆ ತ್ರಿಪದಿ ಕೆತ್ತಿರುವ ಕಪ್ಪೆ ಅರಭಟ್ಟನ ಶಾಸನ ನೋಡಬಹುದು. ಶಾಲೆಯಲ್ಲಿ ತ್ರಿಪದಿ ಪಾಠ ಮಾಡಿದ್ದರೆ ಆ ಬಂಡೆಯ ಮುಂದೆ ನಿಂತಾಗ ನಿಮಗೆ ಏನಾಗುತ್ತದೋ ನಾನು ಹೇಳಲಾರೆ, ನೀವೇ ಹೋಗಿ ನೋಡಬೇಕು. ಮಧ್ಯಾಹ್ನ ಖಾನಾವಳಿಯಲ್ಲಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಅಡುಗೆಯ ಯೋಚನೆಯೇ ಇಲ್ಲ.

ಅಡುಗೆಯ ಮಾತು ಬಂತಲ್ಲ, ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ವ್ಯಾನ್ ಬದುಕು ಅಂದರೆ ಗಂಡಸು ಸ್ಟೇರಿಂಗ್ ಹಿಡಿಯುವುದು, ಹೆಂಗಸು ಅದೇ ಅಡುಗೆಮನೆಯನ್ನು ಇನ್ನೂ ಇಕ್ಕಟ್ಟಿನಲ್ಲಿ ನಡೆಸುವುದು ಅಂತ ಆಗಿಬಿಟ್ಟರೆ ನಿಮಗೆ ಖುಷಿ ಸಿಗುವುದಿಲ್ಲ. ಎಷ್ಟೋ ಜೋಡಿಗಳು ವಾಪಸ್ ಬಂದದ್ದು ಇದೇ ಕಾರಣಕ್ಕೆ. ಹೊರಗೆ ಹೇಳುವಾಗ ಮಾತ್ರ ಬೆನ್ನು ನೋವು, ಸೆಖೆ ಅಂತ ಹೇಳುತ್ತಾರೆ. ಹೊರಡುವ ಮೊದಲೇ ಕೆಲಸ ಹಂಚಿಕೊಳ್ಳಿ. ನೀರು ತರುವುದು, ಗ್ಯಾಸ್ ನೋಡಿಕೊಳ್ಳುವುದು, ಪಾತ್ರೆ, ಶೌಚದ ಬಕೆಟ್ಟು ಯಜಮಾನರಿಗೆ. ದಿನಕ್ಕೆ ಒಂದು ಊಟ ಹೊರಗೆ. ನೀವೂ ಗಾಡಿ ಓಡಿಸುವುದನ್ನು ಕಲಿಯಿರಿ. ಲೈಸೆನ್ಸ್ ಇಲ್ಲದಿದ್ದರೆ ಮಾರ್ಚ್‌ನೊಳಗೆ ಮಾಡಿಸಿ. ಯಜಮಾನರಿಗೆ ಜ್ವರ ಬಂದ ದಿನ ನಿಮ್ಮ ಕೈಗೆ ಗಾಡಿ ಬರಬೇಕು. ಅಷ್ಟೇ ಅಲ್ಲ, ಓಡಿಸುವವರಿಗೇ ದಾರಿಯ ಸುಖ ಜಾಸ್ತಿ.

ಈಗ ಗಾಡಿ. ದೊಡ್ಡ ಕ್ಯಾರವಾನ್ ಬೇಡ ಅನ್ನುವುದಕ್ಕೆ ದುಡ್ಡೊಂದೇ ಕಾರಣವಲ್ಲ. ದೊಡ್ಡ ಗಾಡಿ ಊರೊಳಗೆ ಹೋಗುವುದಿಲ್ಲ. ಸಂತೆ ದಿನ ತಿರುಗಿಸಲು ಜಾಗ ಇರುವುದಿಲ್ಲ. ಘಾಟಿಗಳಲ್ಲಿ ತೊಂದರೆ. ಆಗುಂಬೆಯಂಥ ಕಡೆ ಮಳೆಗಾಲದಲ್ಲಿ ಭಾರಿ ವಾಹನ ಬಿಡುವುದೇ ಇಲ್ಲ. ಕೊನೆಗೆ ನೀವು ಹೆದ್ದಾರಿಯ ಪಕ್ಕದಲ್ಲೇ ಉಳಿದುಬಿಡುತ್ತೀರಿ. ಇಬ್ಬರಿಗೆ ಈಕೋ ಗಾತ್ರದ ವ್ಯಾನ್ ಸಾಕು ಅನ್ನುವವರಿದ್ದಾರೆ. ಮಂಡಿನೋವು ಇದ್ದರೆ ಅದು ಕಷ್ಟ, ಒಳಗೆ ಎದ್ದು ನಿಲ್ಲಲು ಆಗುವುದಿಲ್ಲ. ನಿಮ್ಮ ವಯಸ್ಸಿಗೆ ನಾನು ಹೇಳುವುದು ಎದ್ದು ನಿಂತು ಸೀರೆ ಉಡಬಹುದಾದ ಎತ್ತರದ, ಕಡಿಮೆ ಉದ್ದದ ಟ್ರಾವೆಲರ್ ಅಥವಾ ವಿಂಗರ್ ವ್ಯಾನ್. ಸೆಕೆಂಡ್ ಹ್ಯಾಂಡ್ ಆದರೂ ಆಗಬಹುದು. ಕೊಳ್ಳುವ ಮೊದಲು ಒಂದು ವಾರ ಬಾಡಿಗೆಗೆ ತೆಗೆದುಕೊಂಡು ಮಲಗಿ ನೋಡಿ. ಕೇರಳ 2021ರಲ್ಲೇ ಕ್ಯಾರವಾನ್ ಪ್ರವಾಸಕ್ಕೆಂದು ನೀತಿ ತಂದಿದೆ. ಬೆಂಗಳೂರಿನಲ್ಲೂ ಬಾಡಿಗೆಗೆ ಸಿಗುತ್ತವೆ.

ಒಂದು ಎಚ್ಚರಿಕೆ. ಗಾಡಿ ಕೊಂಡ ಮೇಲೆ ಗ್ಯಾರೇಜಿನವರು ‘ಸೀಟು ಕಿತ್ತು ಮಂಚ ಹಾಕಿಕೊಡ್ತೀವಿ, ಏನಾಗಲ್ಲ ಬಿಡಿ’ ಅನ್ನುತ್ತಾರೆ. ಆಗುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿ ಇರುವುದಕ್ಕೂ ಗಾಡಿಗೂ ತಾಳೆಯಾಗಬೇಕು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಬಿಗಿಯಾಗಿ ಹೇಳಿತು. ಅಪಘಾತವಾದರೆ ಇನ್ಶೂರೆನ್ಸ್‌ನವರು ಮೊದಲು ನೋಡುವುದೇ ಇದನ್ನು. ಮೋಟಾರ್ ಕ್ಯಾರವಾನ್‌ಗೆ ಎಐಎಸ್-124 ಎಂಬ ಮಾನದಂಡವೇ ಇದೆ. ಅದರ ಪ್ರಕಾರ ಮಾಡಿಕೊಡುವವರ ಹತ್ತಿರ ಮಾಡಿಸಿ, ಆರ್‌ಟಿಓದಲ್ಲಿ ಬರೆಸಿಕೊಳ್ಳಿ. ಇಲ್ಲವಾದರೆ ಸೀಟು ಮುಟ್ಟದೆ, ಮೇಲೆ ಹಾಸಿ ತೆಗೆಯುವಂಥ ಹಲಗೆ ಮಂಚ ಮಾಡಿಸಿಕೊಳ್ಳಿ.

ಕರೆಂಟಿನ ಲೆಕ್ಕ ಸುಲಭ. 12 ವೋಲ್ಟಿನ, 100 ಎಎಚ್ (ಆಂಪಿಯರ್ ಅವರ್) ಲಿಥಿಯಂ ಬ್ಯಾಟರಿಯಲ್ಲಿ ಸುಮಾರು 1,280 ವ್ಯಾಟ್ ಅವರ್ ಇರುತ್ತದೆ. ಫ್ಯಾನು, ದೀಪ, ಮೊಬೈಲಿಗೆ ದಿನಕ್ಕೆ 300 ಸಾಕು. ಚಿಕ್ಕ ಫ್ರಿಜ್ ಇಟ್ಟರೆ ಇನ್ನೊಂದು 400, 500. ಚಾವಣಿಯ ಮೇಲೆ 200 ವ್ಯಾಟಿನ ಸೋಲಾರ್ ಪ್ಯಾನೆಲ್ ಹಾಕಿದರೆ ಒಳ್ಳೆಯ ಬಿಸಿಲಿನ ದಿನ 700, 800 ಬರುತ್ತದೆ. ಅಲ್ಲಿಗೆ ಸರಿಹೋಯಿತು. ಏಸಿ ಹಾಕಿಸಬೇಡಿ. ಅದು ಗಂಟೆ ಒಂದರಲ್ಲೇ ಬ್ಯಾಟರಿ ಮುಗಿಸುತ್ತದೆ. ಸೆಖೆಗೆ ಏಸಿಗಿಂತ ಒಳ್ಳೆಯ ಉಪಾಯ ಸೆಖೆ ಇಲ್ಲದ ಊರಿಗೆ ಹೋಗುವುದು. ಗಾಡಿಯಲ್ಲಿ ಇರುವವರಿಗೆ ಅದೊಂದು ಸ್ವಾತಂತ್ರ್ಯ ಇದೆ, ಅಲ್ವಾ? ಗ್ಯಾಸ್‌ಗೆ 5 ಕೆ.ಜಿ. ಸಿಲಿಂಡರ್ ತೆಗೆದುಕೊಳ್ಳಿ. ವಿಳಾಸದ ಪುರಾವೆ ಇಲ್ಲದೆಯೂ ಏಜೆನ್ಸಿಗಳಲ್ಲಿ ಸಿಗುತ್ತದೆ. ಸೋರಿದ ಗ್ಯಾಸ್ ಗಾಳಿಗಿಂತ ಭಾರ, ಕೆಳಗೇ ನಿಲ್ಲುತ್ತದೆ. ಹಾಗಾಗಿ ಗಾಳಿ ಹೋಗುವ ಕಿಂಡಿ ನೆಲದ ಮಟ್ಟದಲ್ಲಿ ಇರಲೇಬೇಕು. ಒಲೆ ಹಚ್ಚಿಕೊಂಡು, ಕಿಟಕಿ ಮುಚ್ಚಿಕೊಂಡು ಮೈ ಬಿಸಿ ಮಾಡಿಕೊಳ್ಳುವ ಆಸೆ ಎಂಥ ಚಳಿಯಲ್ಲೂ ಬೇಡ. ಜೀವ ಹೋಗುತ್ತದೆ.

ಶೌಚಾಲಯದ ಬಗ್ಗೆ ನೀವು ಸಂಕೋಚದಿಂದ ಒಂದೇ ಮಾತು ಬರೆದಿದ್ದೀರಿ. ಬಿಡಿಸಿಯೇ ಹೇಳುತ್ತೇನೆ, ಹೆಂಗಸರು ಹಿಂಜರಿಯುವುದೇ ಇಲ್ಲಿ. ಹಗಲು ಹೊತ್ತು ಇದು ಸಮಸ್ಯೆಯೇ ಅಲ್ಲ. ಪೆಟ್ರೋಲ್ ಬಂಕ್‌ಗಳು ಶೌಚಾಲಯ, ಕುಡಿಯುವ ನೀರು ಕೊಡಲೇಬೇಕು. ಕೀ ಕೇಳಿ ತೆಗೆದುಕೊಳ್ಳಿ, ನಾಚಿಕೆ ಬೇಡ. ದೇವಸ್ಥಾನದ ಯಾತ್ರಿ ನಿವಾಸಗಳಲ್ಲಿ ಸ್ನಾನಕ್ಕೂ ಅನುಕೂಲ ಇರುತ್ತದೆ. ರಾತ್ರಿಗೆ ಬೇಕಾದ್ದು 20 ಲೀಟರಿನ ಪೇಂಟ್ ಬಕೆಟ್ಟು. ಮುಚ್ಚಳ ಬಿಗಿಯಾಗಿ ಕೂರುವಂಥದ್ದು. ಅದರ ಮೇಲೆ ಕೂರಿಸಲು ಒಂದು ಸೀಟು, ಒಳಗೆ ದಪ್ಪನೆಯ ಚೀಲ, ಪಕ್ಕದಲ್ಲಿ ಒಂದು ಡಬ್ಬಿ ತೆಂಗಿನ ನಾರಿನ ಪುಡಿ. ಮೊದಲು ಎರಡು ಹಿಡಿ ಪುಡಿ, ಆಮೇಲೆ ಎರಡು ಹಿಡಿ. ಮೂತ್ರಕ್ಕೆ ಬೇರೆ ಡಬ್ಬಿ ಇಡಬೇಕು, ಎರಡೂ ಸೇರಿದರೇ ವಾಸನೆ ಬರುವುದು. ಪುಡಿ ತೇವ ಹೀರಿಕೊಳ್ಳುತ್ತದೆ, ಹತ್ತಿರ ಮಲಗಿದ್ದರೂ ಗೊತ್ತಾಗುವುದಿಲ್ಲ. ಸುತ್ತಲೂ ಎಳೆದುಕೊಳ್ಳಲು ಒಂದು ದಪ್ಪ ಪರದೆ ಹಾಕಿಸಿ. ಕೆರೆ, ಹಳ್ಳದಿಂದ ದೂರ ಆಳವಾಗಿ ಗುಂಡಿ ತೋಡಿ, ಚೀಲದಿಂದ ಸುರಿದು ಮುಚ್ಚಬೇಕು. ಚೀಲ ಮಾತ್ರ ಹೂಳಬಾರದು. ಹೊಲದವರನ್ನು ಕೇಳಿದರೆ ಜಾಗ ತೋರಿಸುತ್ತಾರೆ. ದುಬಾರಿ ಟಾಯ್ಲೆಟ್ ಹಾಕಿಸಿಕೊಂಡ ಎಷ್ಟೋ ಜನ ಕೊನೆಗೆ ಈ ಬಕೆಟ್ಟಿಗೇ ಬಂದಿದ್ದಾರೆ.

ರಾತ್ರಿಯ ಭಯ ಸಹಜ. ಭಯ ಕಳೆಯುವುದು ಬೀಗದಿಂದಲ್ಲ, ಕೇಳಿ ನಿಲ್ಲಿಸುವುದರಿಂದ. ಸಂಜೆ ನಾಲ್ಕು ಗಂಟೆಗೆ ಓಡಿಸುವುದನ್ನು ನಿಲ್ಲಿಸಿ. ಬೆಳಕಿರುವಾಗಲೇ ಜಾಗ ನೋಡಿ. ದೇವಸ್ಥಾನದ ಅರ್ಚಕರನ್ನೋ, ಹೊಲದ ಮಾಲೀಕರನ್ನೋ, ಅಂಗಡಿಯವರನ್ನೋ ಕಂಡು ‘ರಾತ್ರಿ ಇಲ್ಲಿ ಗಾಡಿ ನಿಲ್ಲಿಸಿಕೊಳ್ಳಬಹುದಾ’ ಅಂತ ಕೇಳಿ. ಕತ್ತಲಾದ ಮೇಲೆ ಯಾರಾದರೂ ಬಂದು ಗಾಜು ತಟ್ಟಿದರೆ ‘ಪೂಜಾರಿಯವರನ್ನು ಕೇಳಿ ನಿಲ್ಲಿಸಿದ್ದೀವಿ’ ಅನ್ನುವ ಒಂದು ಮಾತು ಸಾಕು. ಅಷ್ಟು ಹೇಳಿದರೆ ಬಂದವರು ನೀರು ಬೇಕಾ ಅಂತ ಕೇಳಿ ಹೋಗುತ್ತಾರೆ. ಹೋಂಸ್ಟೇ ಅಂಗಳದಲ್ಲಿ ಸ್ವಲ್ಪ ದುಡ್ಡು ಕೊಟ್ಟು ನಿಲ್ಲಿಸುವುದೂ ಒಳ್ಳೆಯದೇ. ಖಾಲಿ ಬೀಚು, ಒಂಟಿ ವ್ಯೂ ಪಾಯಿಂಟು ಬೇಡ. ಕಾಡಿನಲ್ಲಿ ನಿಲ್ಲಿಸುವುದು ಅಪರಾಧ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ, ಅದಕ್ಕೆ ತಕ್ಕ ಹಾಗೆ ಹೊರಡಿ. ಊಟಿ, ಕೊಡೈಕೆನಾಲ್‌ಗೆ 2024ರ ಮೇಯಿಂದ ಇ-ಪಾಸ್ ಬೇಕು. ಗಾಡಿಯ ಮೂತಿ ಯಾವಾಗಲೂ ರಸ್ತೆಯ ಕಡೆಗಿರಲಿ, ಹೊರಡಬೇಕು ಅನ್ನಿಸಿದರೆ ಹಿಂದಕ್ಕೆ ತೆಗೆಯುವ ಗೋಜು ಇರಬಾರದು. ತೆಂಗಿನ ಮರದ ಕೆಳಗೆ ನಿಲ್ಲಿಸಬೇಡಿ. ತುರ್ತಿಗೆ 112, ರಾಷ್ಟ್ರೀಯ ಹೆದ್ದಾರಿಯಲ್ಲಿ ಕೆಟ್ಟು ನಿಂತರೆ 1033.

ಇನ್ನು ಯಾವಾಗ, ಎಲ್ಲಿಗೆ. ಇದೇ ನನಗೆ ತುಂಬಾ ಇಷ್ಟದ ವಿಷಯ. ಮಾರ್ಚ್ 31ಕ್ಕೆ ನಿವೃತ್ತಿ, ಏಪ್ರಿಲ್ 1ಕ್ಕೆ ಪ್ರಯಾಣ ಅಂತ ಯಜಮಾನರು ಹೊರಟರೆ ತಡೆಯಿರಿ. ಏಪ್ರಿಲ್, ಮೇ ಬಯಲುಸೀಮೆಯ ಬಿಸಿಲಲ್ಲಿ ತಗಡಿನ ಗಾಡಿಯಲ್ಲಿ ಇರಲಾಗುವುದಿಲ್ಲ. ಆ ಎರಡು ತಿಂಗಳು ಗಾಡಿ ಸಿದ್ಧ ಮಾಡಿಕೊಳ್ಳಿ, ನಡುವೆ ಕೊಡಗಿನಲ್ಲಿ ಒಂದು ವಾರ ಇದ್ದು ಅಭ್ಯಾಸ ಮಾಡಿ. ಮಡಿಕೇರಿಯಲ್ಲಿ ಶುಕ್ರವಾರ ಸಂತೆ. ಶುಕ್ರವಾರ ಹೋಗಿ ಮುಂದಿನ ಶುಕ್ರವಾರ ಹೊರಟರೆ ನನ್ನ ಲೆಕ್ಕ ಸರಿಹೋಗುತ್ತದೆ.

ಜೂನ್‌ನಲ್ಲಿ ಮಳೆ ಶುರುವಾದ ಕೂಡಲೇ ಎಲ್ಲರೂ ಮಲೆನಾಡಿಗೆ ಓಡುತ್ತಾರೆ. ನೀವು ಉಲ್ಟಾ ಮಾಡಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆ. ಅಲ್ಲಿಂದ ಒಂದು ದಿನದ ದಾರಿಯ ಚಳ್ಳಕೆರೆಯಲ್ಲಿ 500 ಆಗುವುದೂ ಕಷ್ಟ. ಘಟ್ಟ ಮೋಡವನ್ನು ತಡೆದು ಮಳೆಯನ್ನೆಲ್ಲ ಪಶ್ಚಿಮಕ್ಕೇ ಸುರಿಸುತ್ತದೆ. ಈಚೆಗೆ ದಾಟಿ ಬರುವುದು ಗಾಳಿ ಮತ್ತು ನೆರಳು. ಹಾಗಾಗಿ ಜೂನ್‌ನಿಂದ ಆಗಸ್ಟ್‌ವರೆಗೆ ಚಿತ್ರದುರ್ಗ, ಕೊಪ್ಪಳ, ಬಾದಾಮಿ ಕಡೆ ದಿನವಿಡೀ ತಣ್ಣನೆ ಗಾಳಿ, ಮೋಡ, ಆಗಾಗ ಎರಡು ಹನಿ. ವ್ಯಾನ್‌ನಲ್ಲಿ ಮಲಗುವವರಿಗೆ ಇದಕ್ಕಿಂತ ಒಳ್ಳೆಯ ಹವೆ ಬೇಕಾ? ನಿಮ್ಮ ದಾವಣಗೆರೆಯಿಂದ ದೂರವೂ ಅಲ್ಲ, ಏನಾದರೂ ಮರೆತಿದ್ದರೆ ಮನೆಗೆ ಹೋಗಿ ತರಬಹುದು. ಮೊದಲ ವರ್ಷ ಇಲ್ಲಿಂದಲೇ ಶುರು ಮಾಡಿ.

ದಸರಾ ಕಳೆದ ಮೇಲೆ ಉದ್ದದ ಸುತ್ತು. ಆಗ ತಮಿಳುನಾಡಿನ ಕರಾವಳಿಯಲ್ಲಿ ಹಿಂಗಾರು ಮಳೆ ಜೋರು, ಅಲ್ಲಿಗೆ ಬೇಡ. ಉತ್ತರಕ್ಕೆ ಹೊರಡಿ. ಬೀದರ್‌ನಲ್ಲಿ ನಿಲ್ಲಿ. ಕೋಟೆ ಇದೆ, ಗುರು ನಾನಕ್ ಝೀರಾ ಗುರುದ್ವಾರ ಇದೆ. ಅಲ್ಲಿ ಲಂಗರ್ ಎಂಬ ದಾಸೋಹದಲ್ಲಿ ಊಟ ಮಾಡಿ, ಆಮೇಲೆ ರೊಟ್ಟಿ ಲಟ್ಟಿಸುವವರ ಜೊತೆ ಒಂದು ತಾಸು ಕೂತು ಕೆಲಸ ಮಾಡಿ. ಅಪರಿಚಿತ ಊರಿನಲ್ಲಿ ಕೈಗೆ ಒಂದು ಕೆಲಸ ಸಿಕ್ಕರೆ ಮನಸ್ಸು ಬೇಗ ಹೊಂದಿಕೊಳ್ಳುತ್ತದೆ. ಅಲ್ಲಿಂದ ಮಹಾರಾಷ್ಟ್ರ ದಾಟಿ ಗುಜರಾತಿಗೆ ಹೋದರೆ ಡಿಸೆಂಬರ್, ಜನವರಿ ಕಛ್‌ನಲ್ಲಿ ಕಳೆಯಬಹುದು. ಮಳೆನೀರು ಆರಿ ಅಲ್ಲಿನ ರಣ್ ಬಯಲಿನಲ್ಲಿ ಉಪ್ಪು ಬೆಳ್ಳಗೆ ಕಾಣುವುದು ಆಗಲೇ. ದೆಹಲಿ, ಪಂಜಾಬ್ ಕಡೆ ಆ ತಿಂಗಳುಗಳಲ್ಲಿ ಹೋಗಬೇಡಿ, ಮಂಜಿನಲ್ಲಿ ಎದುರಿನ ಲಾರಿಯೇ ಕಾಣುವುದಿಲ್ಲ. ಫೆಬ್ರುವರಿಯಲ್ಲಿ ಕೊಂಕಣದ ದಾರಿ ಹಿಡಿದು ಕಾರವಾರ, ಗೋಕರ್ಣ, ಮರವಂತೆ ಅಂತ ಇಳಿದು ಬಂದರೆ ಯುಗಾದಿಗೆ ಮನೆ.

ಹಿಮಾಲಯ ಎರಡನೇ ವರ್ಷಕ್ಕಿರಲಿ. ನಿಮಗೆ ಬಿಪಿ ಇದೆ. ಡಾಕ್ಟರ್ ಒಪ್ಪಿದ ಮೇಲೆ ಮಾತ್ರ ಅದರ ಮಾತು. ಹೋಗುವುದಾದರೆ ಮನಾಲಿ ಕಡೆಯಿಂದ ಧುತ್ತನೆ ಏರಬೇಡಿ. 9 ಕಿಲೋಮೀಟರಿನ ಅಟಲ್ ಸುರಂಗ 2020ರಲ್ಲಿ ತೆರೆದ ಮೇಲೆ ಆ ದಾರಿ ಸುಲಭವಾಗಿದೆ, ಆದರೆ ದೇಹಕ್ಕೆ ಹೊಂದಿಕೊಳ್ಳಲು ಸಮಯ ಸಿಗುವುದಿಲ್ಲ. ಶಿಮ್ಲಾ, ಕಿನ್ನೌರ್ ಮೂಲಕ ನಿಧಾನವಾಗಿ ಏರಿದರೆ ಸ್ಪಿತಿ ತಲುಪುವಷ್ಟರಲ್ಲಿ ಉಸಿರು ಪಳಗಿರುತ್ತದೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರದು. ಈಶಾನ್ಯಕ್ಕೆ ಹೋಗುವ ಮನಸ್ಸಿದ್ದರೆ ಅರುಣಾಚಲ, ನಾಗಾಲ್ಯಾಂಡ್, ಮಿಜೋರಾಂ, ಮಣಿಪುರಕ್ಕೆ ಇನ್ನರ್ ಲೈನ್ ಪರ್ಮಿಟ್ ಎಂಬ ಪ್ರವೇಶ ಪರವಾನಗಿ ಮೊದಲೇ ಮಾಡಿಸಿ.

ಬಿಪಿ ಮಾತ್ರೆ ಮೂರು ತಿಂಗಳಿನದ್ದು ಜೊತೆಗಿರಲಿ. ಬ್ರ್ಯಾಂಡ್ ಹೆಸರಲ್ಲ, ಒಳಗಿರುವ ಔಷಧದ ಹೆಸರನ್ನು ಒಂದು ಚೀಟಿಯಲ್ಲಿ ದೊಡ್ಡದಾಗಿ ಬರೆದಿಟ್ಟುಕೊಳ್ಳಿ. ಬ್ರ್ಯಾಂಡ್ ಊರಿಂದ ಊರಿಗೆ ಬದಲಾಗುತ್ತದೆ. ಆ ಹೆಸರಿದ್ದರೆ ಯಾವ ರಾಜ್ಯದ ಜನೌಷಧಿ ಕೇಂದ್ರದಲ್ಲೂ ಕೇಳಬಹುದು. ಯಜಮಾನರ ಪಿಂಚಣಿಗೆ ವರ್ಷವರ್ಷ ಕೊಡಬೇಕಾದ ಜೀವನ ಪ್ರಮಾಣಪತ್ರವನ್ನು ಮೊಬೈಲಿನಲ್ಲೇ ಮುಖ ತೋರಿಸಿ ಕೊಡುವ ವ್ಯವಸ್ಥೆ ಬಂದಿದೆ. ಹೊರಡುವ ಮೊದಲು ಬ್ಯಾಂಕಿನಲ್ಲಿ ಒಮ್ಮೆ ಕೇಳಿ ಖಚಿತ ಮಾಡಿಕೊಳ್ಳಿ.

ಖರ್ಚಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಲೀಟರಿಗೆ 12 ಕಿಲೋಮೀಟರ್ ಕೊಡುವ ಗಾಡಿ, ಲೀಟರಿಗೆ 100 ರೂಪಾಯಿ ಅಂತ ಹಿಡಿಯಿರಿ. ತಿಂಗಳಿಗೆ 3,000 ಕಿಲೋಮೀಟರ್ ಓಡಿಸಿದರೆ ಎಣ್ಣೆಗೇ 25,000. ಸಂತೆ ಲೆಕ್ಕದಲ್ಲಿ ನಿಂತು ನಿಂತು ಹೋದರೆ 1,000 ಕಿಲೋಮೀಟರ್ ಆದೀತು, 8,300 ರೂಪಾಯಿ. ಉಳಿದ ದುಡ್ಡಿನಲ್ಲಿ ವಾರಕ್ಕೊಂದು ರಾತ್ರಿ ಒಳ್ಳೆಯ ರೂಮು ಮಾಡಿ, ಬಿಸಿನೀರು ಸ್ನಾನ ಮಾಡಿ, ಬಟ್ಟೆ ಒಗೆದು ಒಣಗಿಸಿ, ಕೈಕಾಲು ಚಾಚಿ ಮಲಗಿ. ಇದು ಸೋಲಲ್ಲ, ಇದೂ ಈ ಬದುಕಿನದೇ ಭಾಗ. ಗಾಡಿ ಖಾಸಗಿ ನೋಂದಣಿಯ ವ್ಯಾನ್ ಆಗಿದ್ದರೆ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಕೇಳಿ. 2025ರ ಆಗಸ್ಟ್ 15ರಂದು 3,000 ರೂಪಾಯಿಗೆ 200 ಟೋಲ್ ದಾಟುವ ಪಾಸ್ ಬಂದಿತು. ಅದು ರಾಷ್ಟ್ರೀಯ ಹೆದ್ದಾರಿಗಳಿಗೆ ಮಾತ್ರ, ರಾಜ್ಯ ಹೆದ್ದಾರಿಯ ಟೋಲ್ ಬೇರೆ.

ಇಬ್ಬರೇ ಅಷ್ಟು ಚಿಕ್ಕ ಜಾಗದಲ್ಲಿ ದಿನವಿಡೀ ಇರುವುದರ ಬಗ್ಗೆಯೂ ಒಂದು ಮಾತು. ಇಷ್ಟು ವರ್ಷ ಇಬ್ಬರೂ ಹಗಲು ಹೊತ್ತು ಬೇರೆ ಬೇರೆ ಕಡೆ ಇದ್ದವರು. ಈಗ ಒಮ್ಮೆಲೇ ಬೆಳಗಿನಿಂದ ರಾತ್ರಿವರೆಗೆ ಒಬ್ಬರಿಗೊಬ್ಬರು ಎದುರು. ಜಗಳ ಬರುತ್ತದೆ, ಬರಲಿ. ದಿನಕ್ಕೆ ಎರಡು ತಾಸು ಒಬ್ಬೊಬ್ಬರೇ ಇರುವುದನ್ನು ರೂಢಿ ಮಾಡಿಕೊಳ್ಳಿ. ಅವರು ಚಹಾದ ಅಂಗಡಿಯಲ್ಲಿ ಪೇಪರ್ ಓದಲಿ, ನೀವು ಊರೊಳಗೆ ನಡೆದು ಬನ್ನಿ. ನೀವು ಟೀಚರ್. ಯಾವ ಹಳ್ಳಿಯ ಶಾಲೆಗೆ ಹೋಗಿ ‘ಒಂದು ವಾರ ಇಲ್ಲಿರುತ್ತೇನೆ, ಮಕ್ಕಳಿಗೆ ಕಥೆ ಹೇಳಲಾ’ ಅಂತ ಕೇಳಿದರೂ ಹೆಡ್‌ಮಾಸ್ಟರ್ ಖುಷಿಯಿಂದಲೇ ಕೂರಿಸಿಕೊಳ್ಳುತ್ತಾರೆ. ಮುಂದಿನ ವರ್ಷ ಅದೇ ಊರಿಗೆ ಹೋದಾಗ ಆ ಮಕ್ಕಳು ಗಾಡಿಯ ಹಿಂದೆ ಓಡಿ ಬರುತ್ತಾರೆ. ಮೊದಲ ಸಲ ನೋಡುವುದಕ್ಕಿಂತ ಎರಡನೇ ಸಲ ಹೋಗುವುದರಲ್ಲೇ ಸಂತೋಷ ಜಾಸ್ತಿ ಎಂದು ನನಗೆ ಅನ್ನಿಸುತ್ತದೆ. ಹಾಗಾಗಿ ಪ್ರತಿ ವರ್ಷ ಹೊಸ ದಾರಿ ಹುಡುಕಬೇಡಿ. ಅರ್ಧ ಹಳೆಯ ಊರು, ಅರ್ಧ ಹೊಸದು.

ಕೊನೆಗೆ ಅತ್ತೆಯ ವಿಷಯ, ಅದಕ್ಕಾಗಿಯೇ ಮನೆ ಇರಬೇಕು ಅಂದದ್ದು. ಮನೆಯಲ್ಲಿ ಒಂದು ಕೋಣೆ ನಿಮಗೆ ಇಟ್ಟುಕೊಂಡು ಉಳಿದದ್ದನ್ನು ಬಾಡಿಗೆಗೆ ಕೊಡಿ. ಮೈದುನನ ಜೊತೆ ಹೊರಡುವ ಮೊದಲೇ ಕೂತು ಮಾತಾಡಿ. ಮಳೆಗಾಲದಲ್ಲಿ ನೀವು ಹತ್ತಿರದಲ್ಲೇ ಇರುತ್ತೀರಿ, ಆಗ ಅತ್ತೆಯನ್ನು ನೋಡಿಕೊಳ್ಳುವ ಪಾಳಿ ನಿಮ್ಮದು, ಮೈದುನನ ಮನೆಯವರೂ ನಾಲ್ಕು ದಿನ ಎಲ್ಲಾದರೂ ಹೋಗಿ ಬರಲಿ. ಇಬ್ಬರಿಗೆ ಎಲ್ಲಿಂದಲಾದರೂ ವಿಮಾನದಲ್ಲಿ ಮನೆಗೆ ಬರುವಷ್ಟು ದುಡ್ಡನ್ನು ಬೇರೆ ಖಾತೆಯಲ್ಲಿಟ್ಟು ಅದನ್ನು ಮುಟ್ಟಬೇಡಿ. ದೂರ ಹೋದಾಗ ನಿಂತ ಪ್ರತಿ ಊರಿನಲ್ಲೂ ಎರಡು ವಿಷಯ ವಿಚಾರಿಸಿಟ್ಟುಕೊಳ್ಳಿ: ಹತ್ತಿರದ ವಿಮಾನ ನಿಲ್ದಾಣ ಯಾವುದು, ಗಾಡಿಯನ್ನು ಹದಿನೈದು ದಿನ ಯಾರ ಅಂಗಳದಲ್ಲಿ ಬಿಟ್ಟು ಹೋಗಬಹುದು. ರಾತ್ರಿ ಫೋನ್ ಬಂದರೆ ಬೆಳಗ್ಗೆ ಹೊರಡಲು ಆಗಬೇಕು. ಅದು ಗೊತ್ತಿದ್ದರೆ ಕಛ್‌ನಲ್ಲಿದ್ದರೂ ನೆಮ್ಮದಿಯಾಗಿ ನಿದ್ದೆ ಮಾಡುತ್ತೀರಿ. ಅತ್ತೆಯ ಮೈ ಗಟ್ಟಿಯಾಗಿದ್ದರೆ ಒಮ್ಮೆ ಬನಶಂಕರಿ ಜಾತ್ರೆಗೆ ಅವರನ್ನೂ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗಿ. ಅವರಿಗೆ ರೂಮು ಮಾಡಿ, ನೀವಿಬ್ಬರು ಗಾಡಿಯಲ್ಲಿ ಮಲಗಿ, ರಾತ್ರಿ ಮೂವರೂ ಕಂಪನಿ ನಾಟಕ ನೋಡಿ.